ಹೆಸರು ಕೇಳಿದ ಹುಡುಗರು

ನಿಜ ಸಂಗತಿ ಇಷ್ಟೇ. ಆ ಇಬ್ಬರು ಹುಡುಗರು ಹೊನ್ನಾವರದ ನಮ್ಮ ಮನೆಯಲ್ಲಿ ಒಂದು ಮಳೆಗಾಲ ಪೂರ್ತಿ ಇದ್ದರು, ಒಬ್ಬರನ್ನೂ ತಮ್ಮ ಮತಕ್ಕೆ ಸೇರಿಸಲಿಲ್ಲ. ನಾವೇ ಅವರನ್ನು ಕಷಾಯಕ್ಕೆ ಸೇರಿಸಿ ಕಳಿಸಿದೆವು. ಊರಿನವರು ಇದಕ್ಕೆ ಏನೇನೋ ಬಾಲ ಕಟ್ಟಿ ಹೇಳುತ್ತಾರೆ, ನಂಬಬೇಡಿ.

ಇವತ್ತು ಬೆಳಿಗ್ಗೆ ಕಷಾಯದ ಪುಡಿಗೆಂದು ಕೊತ್ತುಂಬರಿ, ಜೀರಿಗೆ ಹುರಿಯುತ್ತಿದ್ದೆ. ಘಮ ಎದ್ದ ಕೂಡಲೇ ಕೈ ತನ್ನಷ್ಟಕ್ಕೆ ಎರಡು ಮುಷ್ಟಿ ಹೆಚ್ಚು ಹಾಕಿಬಿಟ್ಟಿತು. ಅವರು ಹೋಗಿ ವರ್ಷವಾಯಿತು, ಕೈಗೆ ಇನ್ನೂ ಸುದ್ದಿ ಮುಟ್ಟಿಲ್ಲ. ನಾನು ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವಳು, ಬರೆಯುವುದಕ್ಕಿಂತ ಮಾತಾಡುವ ರೂಢಿ ಹೆಚ್ಚು. ಮಾತು ಎಲ್ಲಿಯಾದರೂ ಅಡ್ಡದಾರಿ ಹಿಡಿದರೆ ನೀವೂ ಹಿಂದೆಯೇ ಬನ್ನಿ, ಬಿಟ್ಟು ಹೋಗುವುದಿಲ್ಲ.

ಬೀದಿಗೆ ಮುಖ ಮಾಡಿದ ಹೊರಕೋಣೆಯನ್ನು ನನ್ನ ಮಗ ಬಾಡಿಗೆಗೆ ಕೊಟ್ಟ. ಬಂದವರು ಇಬ್ಬರು ಹುಡುಗರು. ಬಿಳಿ ಅಂಗಿ, ಕುತ್ತಿಗೆಗೆ ಟೈ, ಎದೆಗೆ ಕಪ್ಪು ಬಿಲ್ಲೆ. ಜೂನ್ ತಿಂಗಳ ಮಳೆಯಲ್ಲಿ ಬಿಳಿ ಅಂಗಿ ಹಾಕುವವರು ಒಂದೋ ಮಂತ್ರಿಗಳು, ಇಲ್ಲ ತಲೆ ಕೆಟ್ಟವರು ಎಂದು ನಾನು ತಿಳಿದಿದ್ದೆ. ಬಿಲ್ಲೆಯ ಮೇಲೆ ಎಲ್ಡರ್ ನಾಯ್ಡು, ಎಲ್ಡರ್ ಪ್ರಸಾದ ಎಂದು ಬರೆದಿತ್ತು. ಎಲ್ಡರ್ ಅಂದರೆ ಹಿರಿಯರು ಎಂದು ಮೊಮ್ಮಗಳು ಶಾಲ್ಮಲಾ ಓದಿ ಹೇಳಿದಳು. ಇಬ್ಬರಿಗೂ ಇಪ್ಪತ್ತರ ಆಚೀಚೆ. ಊರಿಗೆಲ್ಲ ಅಜ್ಜಿಯಾದ ನನ್ನ ಎದೆಯ ಮೇಲೆ ಯಾರೂ ಒಂದು ಬಿಲ್ಲೆ ಹಚ್ಚಲಿಲ್ಲ, ಇರಲಿ.

ಮೊದಲ ದಿನವೇ ಜಗಳ. ಚಾ ತಂದಿಟ್ಟೆ.

"ಚಾ ಕುಡಿಯೂದಿಲ್ಲ ಅಜ್ಜಿ," ಎಂದ ಪ್ರಸಾದ. ರಾಜಮಹೇಂದ್ರಿ ಕಡೆಯ ಹುಡುಗ, ಹೇಗೋ ಕನ್ನಡ ಕಲಿತಿದ್ದ.

"ಆತು, ಕಾಫಿ ಮಾಡ್ತೆ."

"ಅದೂ ಇಲ್ಲ. ನಮ್ಮ ಮತದಲ್ಲಿ ಬಿಟ್ಟಿದ್ದು."

"ಹಾಗಾದ್ರೆ ಬೆಳಿಗ್ಗೆ ಎದ್ದು ಎಂತ ಮಾಡ್ತ್ರಿ?"

"ಪ್ರಾರ್ಥನೆ."

ಬರೀ ಹೊಟ್ಟೆಯಲ್ಲಿ ಮಾಡಿದ ಪ್ರಾರ್ಥನೆ ಯಾವ ದೇವರಿಗೆ ಕೇಳಿಸೀತು? ಮಾರನೇ ದಿನದಿಂದ ಬೆಲ್ಲ ಹಾಕಿ, ಹಾಲು ಬಿಟ್ಟು ಕಷಾಯ ಕೊಟ್ಟೆ. ಇದರಲ್ಲಿ ಚಾ ಪುಡಿ ಇಲ್ಲವಲ್ಲ ಎಂದು ಇಬ್ಬರೂ ಮುಖ ಮುಖ ನೋಡಿಕೊಂಡು ಕುಡಿದರು. ಆಮೇಲೆ ನಾನು ಏಳುವ ಮೊದಲೇ ಲೋಟ ತೊಳೆದು ಕಟ್ಟೆಯ ಮೇಲೆ ಕವುಚಿ ಇಟ್ಟಿರುತ್ತಿದ್ದರು.

ಅವರು ಮೊರ್ಮನ್ ಎಂಬ ಮತದವರಂತೆ. ಹೊನ್ನಾವರದಲ್ಲಿ ಒಬ್ಬಳು ನರ್ಸು, ಕುಮಟೆಯಲ್ಲಿ ಒಂದು ಸಂಸಾರ, ಮೊದಲೇ ಆ ಮತದಲ್ಲಿದ್ದು ಕೆಲಸಕ್ಕೆಂದು ಈ ಕಡೆ ಬಂದವರು. ಅವರನ್ನು ನೋಡಿಕೊಳ್ಳುವುದು ಈ ಹುಡುಗರ ಕೆಲಸ. ಮನೆ ಮನೆ ಬಾಗಿಲು ತಟ್ಟುವುದು ಇಲ್ಲಿ ಇಲ್ಲ, ಯಾರಾದರೂ ತಾವಾಗಿ ಕೇಳಿದರೆ ಮಾತ್ರ ಹೇಳುವುದು. ನಾನು ಕೇಳಲಿಲ್ಲ. ನನಗೆ ಇರುವ ದೇವರುಗಳಿಗೇ ದೀಪ ಹಚ್ಚಿ ಪೂರೈಸುವುದಿಲ್ಲ. ಇಬ್ಬರೂ ಒಬ್ಬರನ್ನೊಬ್ಬರು ಬಿಟ್ಟು ಎಲ್ಲಿಗೂ ಹೋಗುವ ಹಾಗಿಲ್ಲವಂತೆ. ಒಂದು ಕಟ್ಟು ಹರಿವೆ ಸೊಪ್ಪು ತರಲು ಹೇಳಿದರೆ ಇಬ್ಬರೂ ಟೈ ಕಟ್ಟಿ ಹೊರಡುವರು. ತಿಂಗಳಿಗೊಮ್ಮೆ ಎರಡು ಹೊತ್ತು ಉಪವಾಸ, ನೀರು ಸಹ ಇಲ್ಲ. ನಾನು ಏಕಾದಶಿ ಮಾಡುವವಳು. ಅವಲಕ್ಕಿ, ಸಾಬಕ್ಕಿ, ಬಾಳೆಹಣ್ಣು, ಹಾಲು ಎಂದು ಉಳಿದ ದಿನಕ್ಕಿಂತ ಹೆಚ್ಚೇ ಒಳಗೆ ಹೋಗುತ್ತದೆ. ಈ ವಿಷಯ ಅವರಿಗೆ ತಿಳಿಯದಂತೆ ಆ ದಿನ ಅಡುಗೆಮನೆ ಬಾಗಿಲು ಓರೆ ಮಾಡಿಕೊಳ್ಳುತ್ತಿದ್ದೆ.

ಪಕ್ಕದ ಮನೆ ಗುಲಾಬಿಗೆ ಮಾತ್ರ ಜೀವ ನಿಲ್ಲಲಿಲ್ಲ. "ಸುಶೀಲಕ್ಕ, ಅವ್ರು ಜನರನ್ನ ಬದಲಿಸೋರಂತೆ. ಎಂತಕ್ಕೆ ಇಟ್ಕಂಡ್ರಿ?"

"ಬೀಡಿ ಇಲ್ಲ, ಬಾಟ್ಲಿ ಇಲ್ಲ, ಚಾ ಸಹ ಇಲ್ಲ. ನಿನ್ನ ಗಂಡನ್ನ ಎಂಟು ದಿನ ಅವ್ರ ಜೊತೆ ಬಿಡು. ಬದಲಾದ್ರೆ ನಂಗೆ ಹೇಳು," ಎಂದೆ. ಗುಲಾಬಿ ಸ್ವಲ್ಪ ಹೊತ್ತು ಯೋಚನೆ ಮಾಡಿದ್ದನ್ನು ನಾನೇ ನೋಡಿದ್ದೇನೆ.

ಅದೇ ಹೊತ್ತಿಗೆ ನಮ್ಮ ಮನೆಯೊಳಗೆ ಬೇರೆ ಒಂದು ಬದಲಾವಣೆಯ ತಯಾರಿ ನಡೆದಿತ್ತು. ಶಾಲ್ಮಲಾಳ ಮದುವೆ ಭಟ್ಕಳದಲ್ಲಿ ನಿಶ್ಚಯವಾಗಿತ್ತು. ಹುಡುಗ ವಿನಾಯಕ, ಹಾರ್ಡ್‌ವೇರ್ ಅಂಗಡಿ, ಒಳ್ಳೆಯವ, ಮಾತು ಕಡಿಮೆ. ನಮ್ಮಲ್ಲಿ ಮದುವೆಯ ದಿನ ಗಂಡಿನ ಮನೆಯವರು ತಟ್ಟೆಯಲ್ಲಿ ಅಕ್ಕಿ ಹರಡುತ್ತಾರೆ. ಮದುಮಗ ಉಂಗುರ ಹಿಡಿದು ಅದರ ಮೇಲೆ ಹೊಸ ಹೆಸರು ಬರೆಯುತ್ತಾನೆ. ಅಲ್ಲಿಂದ ಮುಂದೆ ಹುಡುಗಿಗೆ ಅದೇ ಹೆಸರು. ಬೀಗಿತ್ತಿ ಶಾಂತಕ್ಕ ಮೊದಲೇ ಹೇಳಿ ಕಳಿಸಿದ್ದಳು: ವಿನಾಯಕನ ಹೆಸರಿಗೆ ಹೊಂದುವ ಹಾಗೆ ವೈಷ್ಣವಿ ಎಂದು ಇಡುತ್ತೇವೆ.

ಶಾಲ್ಮಲಾ ಎರಡು ದಿನ ಊಟ ಬಿಟ್ಟಳು. ಅವಳು ರಕ್ತ ಪರೀಕ್ಷೆ ಮಾಡುವ ಲ್ಯಾಬಿನಲ್ಲಿ ಕೆಲಸ ಮಾಡುವವಳು. "ದಿನಾ ಅಷ್ಟು ಸೀಸೆಗೆ ಹೆಸರು ಅಂಟಿಸ್ತೆ ಅಜ್ಜಿ. ಒಂದರ ಚೀಟಿ ಇನ್ನೊಂದಕ್ಕೆ ಹೋದ್ರೆ ಕೆಲಸದಿಂದ ತೆಗೀತಾರೆ. ಇಲ್ಲಿ ನೀವೆಲ್ಲ ಸೇರಿ ನಂಗೇ ಬೇರೆ ಚೀಟಿ ಹಚ್ತ್ರಿ."

"ನಂಗೂ ಹಚ್ಚಿದ್ದಾರೆ. ಸತ್ತೆನಾ?"

"ವಿನಾಯಕನ ಹತ್ರ ಹೇಳಿದ್ರೆ ಆಯಿ ಹೇಳಿದ ಹಾಗೆ ಅಂತಾನೆ. ನೀವು ಹೇಳಿದ್ರೆ ಅವ್ರು ಕೇಳ್ತಾರೆ."

"ನಾನು ಹೇಳೂದಿಲ್ಲ. ಹೆಸರಲ್ಲಿ ಎಂತ ಅದೆ? ಕರೆದ್ರೆ ತಿರುಗಿ ನೋಡಿದ್ರಾತು," ಎಂದೆ. ಆ ಮಾತನ್ನು ಆಗ ನಂಬಿಯೇ ಹೇಳಿದ್ದೆ.

ಮಹಾಲಯದ ದಿನ. ಭಟ್ಟರು ಬಂದು, ಮಗನ ಕೈಯಲ್ಲಿ ಎಳ್ಳು ನೀರು ಬಿಡಿಸಿ, ತೀರಿಹೋದವರ ಹೆಸರನ್ನೆಲ್ಲ ಒಂದೊಂದಾಗಿ ಹೇಳಿಸಿ ಊಟ ಮಾಡಿ ಹೋದರು. ಹುಡುಗರು ಜಗಲಿಯಲ್ಲಿ ಕೂತು ಎಲ್ಲ ನೋಡುತ್ತಿದ್ದರು. ನಾಯ್ಡುವಿನ ಕಣ್ಣು ಅರಳಿಬಿಟ್ಟಿತ್ತು. ಅವನು ಫಿಜಿ ದ್ವೀಪದವ. ಬ್ರಿಟಿಷರ ಕಾಲದಲ್ಲಿ ಕಬ್ಬಿನ ಗದ್ದೆಯ ಕೆಲಸಕ್ಕೆಂದು ಅವನ ಹಿರಿಯರು ಮದರಾಸಿನಲ್ಲಿ ಹಡಗು ಹತ್ತಿದ್ದರಂತೆ, ಅವರ ಹೆಸರು ಈಗ ಮನೆಯಲ್ಲಿ ಯಾರಿಗೂ ಗೊತ್ತಿಲ್ಲವಂತೆ. ಅವನ ಹಿಂದಿ ವಿಚಿತ್ರ, ನನ್ನ ಹಿಂದಿ ಟಿವಿಯದ್ದು. ಆದರೂ ನಡೆಯುತ್ತಿತ್ತು.

ತಮ್ಮಲ್ಲಿಯೂ ಹೀಗೇ, ಸತ್ತ ಹಿರಿಯರ ಹೆಸರು ಹುಡುಕಿ, ಅವರ ಪರವಾಗಿ ತಾವು ನೀರಲ್ಲಿ ಮುಳುಗಿ ಏಳುತ್ತೇವೆ ಎಂದು ಹೇಳಿದ. ಅವನ ಅಜ್ಜಿಯ ಬಾಗಿಲಿಗೆ ಅಮೆರಿಕದಿಂದ ಇವರ ಹಾಗೆಯೇ ಟೈ ಕಟ್ಟಿದ ಇಬ್ಬರು ಹುಡುಗರು ಬಂದಿದ್ದರಂತೆ. ಅಮೆರಿಕದಿಂದ ಫಿಜಿ, ಫಿಜಿಯಿಂದ ನಮ್ಮ ಹೊನ್ನಾವರ. ಈಗಲೂ ಹೊಸ ಹೊಸ ದೇಶಕ್ಕೆ ಹೋಗುತ್ತಲೇ ಇದ್ದಾರೆ, ಮೊದಲು ಇಬ್ಬರು ಹೋಗಿ ಒಂದು ಬಾಡಿಗೆ ಕೋಣೆ ಹುಡುಕುವುದು ಎಂದ. ಮತ ಹರಡುವುದು ಅಂದರೆ ನಾನು ಕುದುರೆ, ಕತ್ತಿ, ದಂಡು ಎಂದೆಲ್ಲ ಅಂದುಕೊಂಡಿದ್ದೆ. ಇದು ನೋಡಿದರೆ ಪ್ರತಿ ದೇಶದಲ್ಲಿಯೂ ಒಂದು ಖಾಲಿ ಕೋಣೆ, ಒಬ್ಬಳು ಬಾಯಿ ಜೋರಿನ ಮುದುಕಿ ಸಿಕ್ಕಿದರೆ ಆಯಿತು.

"ಅಜ್ಜಿ, ನಿಮ್ಮ ತಾಯಿಯ ಹೆಸರು ಎಂತ?" ಎಂದು ಕೇಳಿದ.

"ಎಂತಕ್ಕೆ? ಅವಳನ್ನೂ ಮುಳುಗಿಸ್ತ್ರಾ? ಅವಳು ದಿನಾ ಶರಾವತಿಯಲ್ಲಿ ಮಿಂದವಳು, ಮತ್ತೆ ಬೇಡ."

"ಇಲ್ಲ ಅಜ್ಜಿ, ನಮ್ಮ ನಮ್ಮ ಕುಟುಂಬದವರಿಗೆ ಮಾತ್ರ ಮಾಡೂದು. ಸುಮ್ನೆ ಕೇಳ್ದೆ."

"ಪದ್ಮಾವತಿ."

"ಅದು ಹುಟ್ಟಿದ ಹೆಸರಾ?"

ಅವನಿಗೆ ನಮ್ಮ ಅಕ್ಕಿ ತಟ್ಟೆಯ ಸುದ್ದಿ ಹೇಳಿದ್ದು ಶಾಲ್ಮಲಾಳೇ ಇರಬೇಕು.

ಕುಮಟೆಯಿಂದ ಭಟ್ಕಳದವರೆಗೆ ಯಾರ ಮಗಳು ಯಾರ ಸೊಸೆ, ಯಾವ ಮನೆಯಲ್ಲಿ ಯಾವ ನಾದಿನಿ ಮುನಿಸಿಕೊಂಡಿದ್ದಾಳೆ, ಎಲ್ಲ ಗೊತ್ತಿರುವವಳು ನಾನು. ಸಂಬಂಧ ನೋಡಲು ಹೊರಟವರು ಭಟ್ಟರಿಗಿಂತ ಮೊದಲು ನನ್ನ ಹತ್ತಿರ ಬರುತ್ತಾರೆ. ನನ್ನನ್ನು ಹೆತ್ತ ಆಯಿ ಮದುವೆಗೆ ಮೊದಲು ಹದಿನಾರು ವರ್ಷ ಯಾವ ಹೆಸರಿಗೆ ಓಗೊಟ್ಟಿದ್ದಳೋ, ನನಗೆ ಗೊತ್ತಿಲ್ಲ.

"ಮಾವಿನಕುರ್ವೆ ಚಿಕ್ಕಿಗೆ ಗೊತ್ತಿರ್ತದೆ," ಎಂದೆ, ಸೋಲು ಒಪ್ಪದೆ. ಚಿಕ್ಕಿ ಅಂದರೆ ಆಯಿಯ ತಂಗಿ. ಆ ಕಾಲದವರಲ್ಲಿ ಉಳಿದವಳು ಅವಳೊಬ್ಬಳೇ, ಕಿವಿ ಮಂದ. ಶಾಲ್ಮಲಾ ಫೋನು ಹಚ್ಚಿ, ಎಲ್ಲರಿಗೂ ಕೇಳಿಸುವ ಹಾಗೆ ಮಾಡಿದಳು.

"ಚಿಕ್ಕಿ, ನಾನು ಸುಶೀಲಾ."

"ಯಾವ ಸುಶೀಲಾ? ಬ್ಯಾಂಕಿನವ್ರಾ?"

"ನಾನು ಚಿಕ್ಕಿ. ಹೊನ್ನಾವರದ ಸುಶೀಲಾ."

"ಹೊನ್ನಾವರದಲ್ಲಿ ನಂಗೆ ಯಾವ ಸುಶೀಲಾನೂ ಇಲ್ಲ. ಇಡು ಫೋನು."

"ಶೇವಂತಿ," ಎಂದು ಕೂಗಿದೆ.

"ಹಾಗೆ ಹೇಳು ಮತ್ತೆ. ಎಂತ ಆತು ಶೇವಂತಿ? ಮಂಡಿ ನೋವಾ?"

ನನ್ನನ್ನು ಆ ಹುಟ್ಟಿದ ಹೆಸರಿನಿಂದ ಕರೆದದ್ದು ಕೇಳಿ ಎಷ್ಟೋ ವರ್ಷವಾಗಿತ್ತು. ಶಾಲ್ಮಲಾ ಬಾಯಿಗೆ ದುಪಟ್ಟಾ ಒತ್ತಿಕೊಂಡು ನಗುತ್ತಿದ್ದಳು. ನಾನು ಆಯಿಯ ಹುಟ್ಟಿದ ಹೆಸರು ಕೇಳಿದೆ. ಆ ಕಡೆ ಕೋಳಿ ಕೂಗುವುದು ಕೇಳಿಸಿತು.

"ಅಕ್ಕ," ಎಂದಳು ಚಿಕ್ಕಿ.

"ಹೆಸರು ಚಿಕ್ಕಿ, ಹೆಸರು."

"ನಾನು ಅಕ್ಕ ಅಂತಿದ್ದೆ. ಅಪ್ಪ ಮಗಾ ಅಂತಿದ್ದ. ಆಯಿ ಏ ಹುಡುಗಿ ಅಂತಿದ್ಲು. ಅವಳ ಮದುವೆ ಆಗುವಾಗ ನಾನು ತೊಟ್ಟಿಲು ಬಿಟ್ಟಿದ್ದೆ ಅಷ್ಟೇ. ನಂಗೆ ಹ್ಯಾಗೆ ಗೊತ್ತಿರ್ತದೆ? ಈಗ ಅದ್ರಿಂದ ಎಂತ ಆಗ್ಬೇಕಾಗಿತ್ತು ನಿಂಗೆ?"

ಆತು ಚಿಕ್ಕಿ, ಎಂದು ಫೋನು ಇಟ್ಟೆ. ಮುಗಿಯಿತು. ಇನ್ನು ಕೇಳಲು ಭೂಮಿಯ ಮೇಲೆ ಯಾರೂ ಇಲ್ಲ. ಅಳು ಬರಲಿಲ್ಲ. ನನಗೆ ಬಂದದ್ದು ಸಿಟ್ಟು. ಭಟ್ಟರು ವರ್ಷ ವರ್ಷ ಎಳ್ಳು ನೀರು ಬಿಡಿಸಿದ್ದು ಅವಳ ಗಂಡನ ಮನೆಯವರು ಇಟ್ಟ ಹೆಸರಿಗೆ. ನಾಯ್ಡುವಿನ ಹಿರಿಯರು ಸಮುದ್ರ ದಾಟಿ ಹೆಸರು ಕಳಕೊಂಡರೆ ಅದಕ್ಕೊಂದು ಕಾರಣವಿದೆ. ನನ್ನ ಆಯಿ ದಾಟಿದ್ದು ಮಾವಿನಕುರ್ವೆಯಿಂದ ಹೊನ್ನಾವರಕ್ಕೆ, ಹೊಳೆಯಲ್ಲಿ ಒಂದು ದೋಣಿಯ ದಾರಿ.

ನಾಯ್ಡುವಿನ ಮುಖ ಬಾಡಿತು. "ನಾನು ಕೇಳಬಾರದಾಗಿತ್ತು ಅಜ್ಜಿ."

"ಎಂತಕ್ಕೆ? ಇಷ್ಟು ತಿಂಗಳಲ್ಲಿ ನೀನು ಕೇಳಿದ ಒಳ್ಳೆಯ ಪ್ರಶ್ನೆ ಇದೊಂದೇ ತಮಾ," ಎಂದೆ.

ಸಂಜೆ ಗುಲಾಬಿ ಬಂದಳು, ಎಂದಿನ ಹಾಗೆ ಹುಡುಗರ ಕೋಣೆಯ ಕಡೆ ಕುತ್ತಿಗೆ ಚಾಚುತ್ತ. ಅವಳನ್ನು ಕೂರಿಸಿ ಕೇಳಿದೆ: ಮದುವೆಯಾದ ಮೇಲೆ ನಿನ್ನ ಹೆಸರು ಬದಲು, ಗೋತ್ರ ಬದಲು, ಕುಲದೇವರು ಬದಲು, ಸಾರಿಗೆ ಹಾಕುವ ಹುಳಿ ಸಹ ಬದಲು. ಇಷ್ಟೆಲ್ಲ ಬದಲಿಸಿದವರು ಟೈ ಕಟ್ಟಿಕೊಂಡು ಬಂದಿದ್ದರೇನೇ? ಗುಲಾಬಿ ಚಾಚಿದ ಕುತ್ತಿಗೆ ಒಳಗೆ ಎಳೆದುಕೊಂಡಳು. ನನಗೇ ಆ ದಿನದವರೆಗೆ ಈ ಪ್ರಶ್ನೆ ಹೊಳೆದಿರಲಿಲ್ಲ, ಹಾಗಾಗಿ ಅವಳನ್ನು ಹೆಚ್ಚು ಬೈಯಲಿಲ್ಲ.

ಮರುದಿನ ಬೆಳಿಗ್ಗೆ ಇಳಕಲ್ ಸೀರೆ ಉಟ್ಟು, ಮಗನಿಗೆ ಹೇಳದೆ, ಭಟ್ಕಳದ ಬಸ್ಸು ಹತ್ತಿದೆ. ಶಾಂತಕ್ಕ ಗಾಬರಿಯಲ್ಲಿಯೇ ಬಾಗಿಲು ತೆಗೆದಳು. ಮದುವೆ ಮುರಿಯಲು ಬಂದೆ ಎಂದುಕೊಂಡಿರಬೇಕು.

"ಹೆಸರು ಬದಲಿಸೂದು ಬೇಡ ಶಾಂತಕ್ಕ," ಎಂದೆ, ಕೂರುವ ಮೊದಲೇ.

"ಅಯ್ಯೋ, ಪದ್ಧತಿ ಅಲ್ದಾ? ಬಿಡೂದು ಹ್ಯಾಗೆ?"

"ಎಂತದೂ ಬಿಡೂದು ಬೇಡ. ತಟ್ಟೆ ಇರಲಿ, ಅಕ್ಕಿ ಇರಲಿ, ಉಂಗುರ ಇರಲಿ. ಬರೆಯೂದು ಶಾಲ್ಮಲಾ ಅಂತ ಬರೀಲಿ." ಅವಳು ಏನೋ ಹೇಳಲು ಹೊರಟಳು. ನಾನು ಬಿಡಲಿಲ್ಲ. "ನಿಮ್ಮ ಹುಟ್ಟಿದ ಹೆಸರು ಎಂತದು?"

ಶಾಂತಕ್ಕ ಸೆರಗಿನ ತುದಿ ತಿರುವಿದಳು. "ನೇತ್ರಾವತಿ," ಎಂದಳು ಸಣ್ಣಗೆ.

ಒಳಗಿನ ಕೋಣೆಯಲ್ಲಿ ಪೇಪರು ಓದುತ್ತಿದ್ದ ಬೀಗರು ಕನ್ನಡಕದ ಮೇಲಿಂದ ಇಣುಕಿದರು. "ಹೌದಾ? ನಂಗೆ ಹೇಳೇ ಇಲ್ವಲ್ಲ ನೀನು."

"ಅಕ್ಕಿ ಮೇಲೆ ಶಾಂತಾ ಅಂತ ಬರೆದವ್ರು ನೀವೇ. ಮೊದಲು ಎಂತ ಇತ್ತು ಅಂತ ಒಂದು ದಿನ ಕೇಳಿದ್ರಾ?" ಎಂದಳು ಅವಳು. ಬೀಗರು ಪೇಪರಿನ ಹಿಂದೆ ಇಳಿದು ಹೋದರು.

ಇನ್ನು ತಡ ಮಾಡಬಾರದು ಎಂದು ನಾನೇ ಅವಳ ಅಡುಗೆಮನೆಗೆ ನಡೆದೆ. ತಟ್ಟೆ ಹುಡುಕಿ, ಡಬ್ಬಿಯಿಂದ ಅಕ್ಕಿ ಸುರಿದು ಹರಡಿ, ಬೆರಳಿನ ಉಂಗುರ ತೆಗೆದು ಅದರಲ್ಲಿಯೇ ಮೊಮ್ಮಗಳ ಹೆಸರು ಬರೆದು ತೋರಿಸಿದೆ. ನಾಲ್ಕನೇ ಇಯತ್ತೆಯ ಕೈ, ಒತ್ತಕ್ಷರ ಸೊಟ್ಟಗಾಯಿತು. ಶಾಂತಕ್ಕ ಬಗ್ಗಿ ನೋಡಿ, ತೋರುಬೆರಳಿನಿಂದ ಅಕ್ಕಿ ಸರಿಸಿ ಅದನ್ನು ನೆಟ್ಟಗೆ ಮಾಡಿದಳು.