ಮುಂದ ಸಸ್ಪೆನ್ಷನ್ ಐತಿ

ನಾನು ಬಿ.ಇ. ಮೆಕ್ಯಾನಿಕಲ್. ಯಾರೂ ಕೇಳದಿದ್ದರೂ ಇದನ್ನು ಹೇಳುವ ಚಟ ನನಗುಂಟು. ನಮ್ಮ ವಂಶಕ್ಕೆ ಡಿಗ್ರಿ ಅಂತ ಬಂದದ್ದು ಇದೊಂದೇ, ಸ್ವಲ್ಪ ಸಹಿಸಿಕೊಳ್ಳಿ. ಇಷ್ಟು ಓದಿ ಹೊಸಪೇಟೆಯ ಟ್ರ್ಯಾಕ್ಟರ್ ಶೋರೂಮಿನಲ್ಲಿ ಕೆಲಸಕ್ಕಿರುವ ನಾನು, ಹೋದ ವರ್ಷ ಒಂದೇ ಮಾತಿನಿಂದ ಅವ್ವನನ್ನು ಅಳಿಸಿಬಿಟ್ಟೆ.

ಶೋರೂಮಿಗೆ ಹೊರದೇಶದ ದೊಡ್ಡ ಟ್ರ್ಯಾಕ್ಟರೊಂದು ಬಂದಿತ್ತು. ಖುಷಿ ತಡೆಯಲಾರದೆ ನಮ್ಮೂರು ದರೋಜಿಗೆ ಫೋನ್ ಮಾಡಿ, "ಅವ್ವಾ, ಮುಂದ ಸಸ್ಪೆನ್ಷನ್ ಐತಿ!" ಅಂದೆ. ಆ ಕಡೆಯಿಂದ ಅಳು: "ಅಂಥಾದ್ದು ಏನ್ ಮಾಡಿದ್ಯವ್ವಾ? ಸಾಹೇಬ್ರ ಕಾಲಿಗಾರ ಬೀಳು."

ನಮ್ಮ ಓಣಿಯ ಅರ್ಧ ಮಂದಿ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯ ಶಿಫ್ಟಿಗೆ ಹೋಗುವವರು. ಅಲ್ಲಿ ಆ ಪದಕ್ಕೆ ಒಂದೇ ಅರ್ಥ, ಗೇಟಿನ ಹೊರಗೆ ನಿಲ್ಲುವುದು.

"ಅದಲ್ಲವ್ವ, ಗಾಡಿಗೆ ಮೊಣಕಾಲು ಇದ್ದಂಗ."

"ಗಾಡಿಗ್ಯಾಕ ಮೊಣಕಾಲು? ನಿಮ್ಮಣ್ಣನ ಸೊಂಟಕ್ಕ ಏನಾರ ಬಂದೈತೇನು ನೋಡು."

ಅವ್ವ ಓದಿಲ್ಲ. ಆದರೆ ವಿಷಯ ಇದ್ದದ್ದು ಅಲ್ಲೇ.

ಅಣ್ಣ ಹನುಮಂತ ಇಪ್ಪತ್ತು ವರ್ಷದಿಂದ ಕಂಪ್ಲಿಯ ರೈಸ್‌ಮಿಲ್ ಸಾಹುಕಾರರ ಟ್ರ್ಯಾಕ್ಟರ್ ಓಡಿಸುತ್ತಾನೆ. ಮಾಮೂಲಿ ಟ್ರ್ಯಾಕ್ಟರಿಗೆ ಮುಂದೆ ಸ್ಪ್ರಿಂಗ್ ಅನ್ನುವುದೇ ಇಲ್ಲ. ಮುಂದಿನ ಅಚ್ಚನ್ನು ನಡುವೆ ಒಂದು ಪಿನ್ನು ಹಿಡಿದಿರುತ್ತದೆ, ಅಷ್ಟೇ. ಚಕ್ರಕ್ಕೆ ಕಲ್ಲು ಸಿಕ್ಕರೆ ಆ ಏಟು ಅಚ್ಚಿಗೆ, ಅಚ್ಚಿನಿಂದ ಕಬ್ಬಿಣಕ್ಕೆ, ಕಬ್ಬಿಣದಿಂದ ನೆಟ್ಟಗೆ ಅಣ್ಣನ ಬೆನ್ನಿಗೆ. ಟ್ರ್ಯಾಕ್ಟರ್ ಬಿಟ್ಟುಬಿಡಿ ಅಂತ ಡಾಕ್ಟರು ಹೇಳಿದ್ದರು. ಅವನು ಸಾಹುಕಾರರಿಗೆ ತಿಳಿಸಿರಲಿಲ್ಲ. "ಸ್ಟೇರಿಂಗ್ ಬಿಟ್ರ ಈ ಕೈಯಾಗ ಏನ್ ಹಿಡೀಲಿ?" ಅಂತ ನನ್ನನ್ನೇ ಕೇಳಿದ್ದ. ಪರೀಕ್ಷೆಯಲ್ಲಿ ಕಾರಿನ ಸಸ್ಪೆನ್ಷನ್ ಬರೆದು ಪೂರಾ ಅಂಕ ತೆಗೆದವಳು ನಾನು. ನನ್ನನ್ನು ಓದಿಸಿದ ಟ್ರ್ಯಾಕ್ಟರಿಗೆ ಅದು ಯಾಕಿಲ್ಲ ಅಂತ ಒಂದು ದಿನವೂ ಕೇಳಿರಲಿಲ್ಲ.

ಹೊಸ ಗಾಡಿಯ ಸುದ್ದಿಯನ್ನು ನಾನೇ ಸಾಹುಕಾರರಿಗೆ ಮುಟ್ಟಿಸಿದೆ. ಅವರು ಅದನ್ನು ತಮ್ಮ ಹೊಲದಲ್ಲೇ ನೋಡಬೇಕೆಂದರು. ನಾನು ಹಟ ಹಿಡಿದು ಅಣ್ಣನನ್ನೇ ಸೀಟಿಗೆ ಕೂರಿಸಿ, ಪಕ್ಕದ ಪುಟ್ಟ ಸೀಟಿನಲ್ಲಿ ಕೂತೆ. ಮುಂದೆ ಕಾಲುವೆ ದಾರಿ. ಟ್ರೇಲರುಗಳು ಕೊರೆದ ಮೊಣಕಾಲುದ್ದದ ಗಾಲಿಜಾಡು. ಅಣ್ಣ ಟವೆಲನ್ನು ಸೊಂಟಕ್ಕೆ ಬಿಗಿದು, ಹಲ್ಲು ಕಚ್ಚಿ ಹೊರಟ.

ನಾನು ಮುಂದಿನ ಚಕ್ರಗಳನ್ನೇ ನೋಡುತ್ತಿದ್ದೆ. ಒಂದು ಕುಣಿಗೆ ಇಳಿಯಿತು, ಒಂದು ದಿಬ್ಬ ಹತ್ತಿತು. ಇಡೀ ಅಚ್ಚು ಮೇಲೆದ್ದು ಕೆಳಗಿಳಿಯಿತು. ಬಾನೆಟ್ ಮಾತ್ರ, ತಲೆ ಮೇಲೆ ತುಂಬಿದ ಕೊಡ ಹೊತ್ತು ಬರುವ ಹೆಂಗಸಿನ ಹಾಗೆ, ಕೆಳಗೆ ಏನೇ ಆಗಲಿ ನನಗೇನು ಅಂತ ಸಾಗುತ್ತಿತ್ತು. ಇರುವುದು ಎರಡು ಸಿಲಿಂಡರಿನಲ್ಲಿ ಎಣ್ಣೆ, ಅದರ ಬೆನ್ನಿಗೆ ಗುಂಡಿನಂಥ ಡಬ್ಬಿಯಲ್ಲಿ ಒತ್ತಿಟ್ಟ ಗಾಳಿ. ನನಗೆ ಗೊತ್ತು, ಗಾಡಿ ಬಂದಾಗಿನಿಂದ ನಾನೇ ಹತ್ತಾರು ಸಲ ಗಿರಾಕಿಗಳಿಗೆ ವಿವರಿಸಿದ್ದೇನೆ. ಗೊತ್ತಿದ್ದೂ ಮೈ ಜುಮ್ಮೆಂದಿತು. ಹಂಪಿಯ ಕಲ್ಲಿನ ರಥದ ಚಕ್ರಗಳ ಮುಂದೆ ಬಾಯಿ ತೆರೆದು ನಿಂತದ್ದುಂಟು. ಅವು ನಿಂತಲ್ಲೇ ಚಂದ. ಇವು ನಡೆದರೇ ಚಂದ.

ಅಣ್ಣ ಗಾಡಿ ನಿಲ್ಲಿಸಿದ. "ಲೇ ಇಂಜಿನಿಯರಮ್ಮ, ಇದು ಹೊಸಾದೇನಲ್ಲ ಬಿಡು. ಎತ್ತಿನ ಬಂಡಿಗೆ ಮೊದಲಿಂದ ಇತ್ತು."

"ಬಂಡಿಗೆಲ್ಲಿ ಸಸ್ಪೆನ್ಷನ್ನೋ?"

"ಮುಂದ ಬಂಡಿ ನಿಂತಿದ್ದು ಯಾರ ಮ್ಯಾಲ? ಎತ್ತಿನ ಹೆಗಲ ಮ್ಯಾಲ. ಎತ್ತಿಗೆ ಮೊಣಕಾಲಿರಲಿಲ್ಲೇನು?"

ನಾಲ್ಕು ವರ್ಷ ಓದಿದ್ದು ನಾನು, ಪಾಠ ಹೇಳಿದ್ದು ಅವನು. ಎತ್ತು ಬಿಚ್ಚಿ ಕಬ್ಬಿಣ ತಂದಾಗ ಆ ಮೊಣಕಾಲುಗಳೂ ಹೋಗಿದ್ದವು. ಯಾವುದೋ ದೇಶದಲ್ಲಿ ಯಾರೋ ಕೂತು ಎಣ್ಣೆ, ಗಾಳಿಯಲ್ಲಿ ಅವನ್ನು ಮತ್ತೆ ಮಾಡಿದ್ದಾರೆ.

ಕೆಳಗಿಳಿದವನನ್ನು ಸಾಹುಕಾರರು ನೋಡುತ್ತ ನಿಂತಿದ್ದರು. "ಏನ್ಲೇ ಹನುಮಂತ, ದಿನಾ ಇಳಿಯುವಾಗ ಸೊಂಟ ಹಿಡಕೊಂತಿದ್ದಿ, ಇವತ್ತ ಮರತಿಯೇನು?"

ಅಣ್ಣ ತಲೆ ತಗ್ಗಿಸಿದ. "ನಿಮಗ ಗೊತ್ತಿತ್ತೇನ್ರಿ?"

"ನನಗ ಕಣ್ಣಿಲ್ಲೇನು?" ಅಂದವರು ನನ್ನ ಕಡೆ ತಿರುಗಿ, "ಗಾಡಿ ತಗೊಂತೀನ್ರಿ ಮೇಡಂ. ಇಂವ ಓಡಸ್ತಾನಂದ್ರ ಮಾತ್ರ," ಅಂದರು.

ಸವೆದ ಬೆನ್ನನ್ನು ಯಾವ ಸಿಲಿಂಡರೂ ವಾಪಸು ಕೊಡುವುದಿಲ್ಲ. ಡಾಕ್ಟರು ಹೊಸ ಗಾಡಿಯ ವಿಷಯ ಕೇಳಿ, ಸದ್ಯಕ್ಕೆ ದಿನಕ್ಕೆ ಅರ್ಧ ಹೊತ್ತು ಓಡಿಸಿ, ನೋಡೋಣ ಅಂದರು. ನಮಗೆ ಅಷ್ಟು ಸಾಕಿತ್ತು. "ಸಸ್ಪೆನ್ಷನ್ ಏನಾತು?" ಅಂತ ಅವ್ವ ಕೇಳಿದಳು. "ಅಣ್ಣಗ ಖಾಯಂ ಆತವ್ವ," ಅಂದೆ. ಈ ಸಲ ನಕ್ಕಳು.

ಗಾಡಿ ಸಾಹುಕಾರರ ಮನೆಗೆ ಬಂದ ದಿನ ಅಣ್ಣ ನನ್ನನ್ನು ಒಂದು ಸುತ್ತಿಗೆ ಕರೆದ. ನಾನು ಕಾಲೇಜಿಗೆ ಹೋಗುವಾಗ ಹಳೇ ಟ್ರ್ಯಾಕ್ಟರಿನಲ್ಲಿ ಬಸ್ಸಿನ ತನಕ ಬಿಡುತ್ತಿದ್ದವನು ಅವನೇ. ಮಡ್‌ಗಾರ್ಡಿನ ಮೇಲೆ ಗೋಣಿಚೀಲ ಮಡಚಿ ಹಾಕಿ ನನ್ನನ್ನು ಕೂರಿಸಿ, ತಾನು ಬರಿ ಕಬ್ಬಿಣದ ಸೀಟಿನಲ್ಲಿ ಕೂರುತ್ತಿದ್ದ. ಈಗ ಹತ್ತಿ ನೋಡಿದರೆ ಆ ಮೆತ್ತನೆಯ ಪುಟ್ಟ ಸೀಟಿನ ಮೇಲೂ ಒಂದು ಗೋಣಿಚೀಲ, ನಾಲ್ಕು ಮಡಿಕೆ.

"ಇದರಾಗ ಬ್ಯಾಡಣ್ಣ, ಸಸ್ಪೆನ್ಷನ್ ಐತಲ್ಲ."

"ಇರ್ಲಿ, ಕುಂದ್ರು."

ಕೂತೆ. ಆ ಗಾಡಿಯ ಬಿಡಿಭಾಗಗಳ ಪಟ್ಟಿ ನನಗೆ ಬಾಯಿಪಾಠ. ಗೋಣಿಚೀಲ ಅದರಲ್ಲಿಲ್ಲ.