ಗ್ಯಾಂಗ್‌ಮನ್ ಸಿದ್ದನನ್ನು ಹುಡುಕಿ ಹೋದಾಗ

ದೊಡ್ಡಗಾಜನೂರಿನ ಆ ಮನೆಯ ಮುಂದೆ ನಿಂತು ‘ಗ್ಯಾಂಗ್‌ಮನ್ ಸಿದ್ದ ಇದ್ದಾರಾ?’ ಎಂದು ಕೇಳಿದೆ. ಹೊಲಿಗೆ ಯಂತ್ರದ ಮುಂದಿದ್ದ ಹೆಂಗಸು ಗಾಬರಿಯಿಂದ ಎದ್ದು ನಿಂತು, ‘ಅದು ನಾನೇಯ ಸಾರ್’ ಎಂದರು.

ಪುಟ್ಟ ಮಾದರಿ ರೈಲುಗಳನ್ನು ಕಟ್ಟುವ ನಮ್ಮ ಆನ್‌ಲೈನ್ ಗುಂಪಿನಲ್ಲಿ ಎಲ್ಲರಿಗೂ ಅಡ್ಡಹೆಸರು. ಜಂಬಕ್ಕೆಂದು ನಾನು ‘ಡೀಸೆಲ್ ರಾಜ’ ಎಂದಿಟ್ಟುಕೊಂಡಿದ್ದೆ. ಹಳಿ ಜೋಡಿಸುವುದರಲ್ಲಿ ‘ಗ್ಯಾಂಗ್‌ಮನ್ ಸಿದ್ದ’ನನ್ನು ಮೀರಿಸುವವರಿರಲಿಲ್ಲ. ಹಳಿ ರಿಪೇರಿ ಮಾಡುತ್ತಿದ್ದ ಯಾರೋ ನಿವೃತ್ತ ರೈಲ್ವೆ ನೌಕರರಿರಬೇಕೆಂದು, ಕಲಿಯುವ ಆಸೆಯಿಂದ, ಗುಂಪಿನಲ್ಲಿ ಕೊಟ್ಟಿದ್ದ ವಿಳಾಸ ಹಿಡಿದು ಮೈಸೂರಿನಿಂದ ಹೋಗಿದ್ದೆ.

ಒಳಗೆ ಮಂಚದ ಮೇಲೆ ಕಣ್ಣು ಕಾಣದ ಮುದುಕರೊಬ್ಬರು ಕೂತು, ಆಕೆ ಜೋಡಿಸಿದ್ದ ಪುಟ್ಟ ಹಳಿಯನ್ನು ಬೆರಳಿಂದ ಸವರಿ ಪರೀಕ್ಷಿಸುತ್ತಿದ್ದರು.

‘ಸಿದ್ದ ನಮ್ಮಪ್ಪ ಸಾರ್. ಈರೋಡು ಕಡೆ ಕೂಲಿಗೋಗಿ ರೈಲುಕಂಬಿ ಆಕ್ತಿದ್ರು. ಅಲ್ಲಿ ಯಾರೂವೆ ಎಸ್ರು ಇಡ್ದು ಕರೀನಿಲ್ವಂತೆ. ಅದ್ಕೇ ಈ ಎಸ್ರು ಇಟ್ಕಂಡೆ. ನೀವೆಲ್ಲ “ಸಿದ್ದಣ್ಣ” ಅಂತ ಬರ್ದಿರೋದ ದಿನಾ ಅಪ್ಪಂಗೆ ಓದಿ ಏಳ್ತೀನಿ. ಬರೀತಿದ್ದೋಳು ಎಂಗ್ಸು ಅಂತ ಗೊತ್ತಾದ್ರೆ, ಅಂಗೆ ಕರೆಯೋದ ಬುಟ್ಬುಡ್ತೀರಾ?’

ಮುದುಕರ ಪಕ್ಕ ಕೂತು, ‘ಸಿದ್ದಣ್ಣ, ನಾನು ಡೀಸೆಲ್ ರಾಜ’ ಎಂದೆ. ಅವರ ಮುಖ ಅರಳಿತು. ನನ್ನ ಬೆರಳು ಹಿಡಿದು ಹಳಿಯ ಮೇಲಿಟ್ಟು, ‘ಇಲ್ಲಿ ಕೂದ್ಲಷ್ಟು ಎತ್ರ ಆಗ್ಯದೆ, ಗೊತ್ತಾಯ್ತಾ ರಾಜಪ್ಪ?’ ಎಂದು ಪಾಠ ಶುರುಮಾಡಿಯೇಬಿಟ್ಟರು.

ಮಗಳ ಒಪ್ಪಿಗೆ ಪಡೆದು ವಿಷಯವನ್ನು ಗುಂಪಿಗೆ ತಿಳಿಸಿದೆ. ಅಂದಿನಿಂದ ಆ ಮನೆಗೆ ಯಾರೂ ಬರೆದು ಕಳಿಸುತ್ತಿಲ್ಲ. ‘ಸಿದ್ದಣ್ಣ, ಚೆನ್ನಾಗಿದ್ದೀರಾ?’ ಎಂದು ಎಲ್ಲರೂ ತಮ್ಮ ದನಿಯನ್ನೇ ಮುದ್ರಿಸಿ ಕಳಿಸುತ್ತಾರೆ.