ತಿಕೋಟಾದ ಮೋಟಾರಿಗೆ ರೊಟ್ಟಿಯ ಲೆಕ್ಕ

ರೊಟ್ಟಿ ಬಡಿಯುತ್ತಿದ್ದೆ. ತಿಕೋಟಾದ ದ್ರಾಕ್ಷಿ ತೋಟದ ಗೌಡರು ತಮ್ಮ ಬಬಲೇಶ್ವರದ ಬೀಗರನ್ನೂ ಕರೆದುಕೊಂಡು ಬೆಳಗಿನ ಬಸ್ಸಿಗೇ ಅಥಣಿ ರಸ್ತೆಯ ನಮ್ಮ ಮನೆಗೆ ಬಂದು ನಿಂತರು.

"ನೀ ವೈಂಡಿಂಗ್ ಮಾಡಿದ ಮೋಟಾರ್ ಎಮ್ಮಿ ಒದರಿದಂಗ ಒದರಾಕತ್ತೈತೋ ಯಪ್ಪಾ. ಬಿಚ್ಚಿ ಮತ್ತ ಸುತ್ತು. ಇಲ್ಲಾ, ಸೋಲಾಪುರಕ್ಕ ಒಯ್ತೇನಿ" ಎಂದು ಗೌಡರು ನನ್ನ ಗಂಡನ ಮೇಲೆ ದನಿ ಏರಿಸಿದರು.

ಸ್ಟೇಷನ್ ರಸ್ತೆಯಲ್ಲಿ ಇವರು ಮೋಟಾರ್ ರಿಪೇರಿಯ ಅಂಗಡಿ ತೆರೆದು ಇನ್ನೂ ವರ್ಷವಾಗಿರಲಿಲ್ಲ. ಯಾರಾದರೂ ದನಿ ಏರಿಸಿದರೆ ತಪ್ಪು ತಮ್ಮದೇ ಎಂದುಕೊಳ್ಳುವ ಮನುಷ್ಯ. "ಬಿಚ್ತೇನ್ರಿ" ಎಂದುಬಿಟ್ಟರು. ಬಿಚ್ಚಿದರೆ ಕೆಲಸ ಕೆಟ್ಟಿತ್ತೆಂದು ಒಪ್ಪಿದ ಹಾಗೆಯೇ. ಆಮೇಲೆ ಆ ಕಡೆಯ ಒಂದು ಮೋಟಾರೂ ನಮ್ಮಲ್ಲಿಗೆ ಬಾರದು.

ಹಿಟ್ಟಿನ ಕೈಯಲ್ಲೇ ಹೊರಗೆ ಬಂದೆ. "ಮೀಟರ್ ಹಚ್ಚದ ಹೆಂಗ ಬಿಚ್ತೀರಿ? ನಡೀರಿ, ನಾನೂ ಬರ್ತೇನಿ."

ಗೌಡರು ನಕ್ಕರು. "ಬಾಯಾರ, ಇದು ರೊಟ್ಟಿ ಅಲ್ರಿ."

ಬಸ್ಸಿನಲ್ಲಿ ಕೂಡಲು ಜಾಗ ಸಿಕ್ಕಿತು. ತೋಟ ಮುಟ್ಟಿದಾಗ ಕರೆಂಟೂ ಇತ್ತು. ಶಿವನ ದಯೆ ಎರಡಾಯಿತು ಎಂದುಕೊಂಡೆ. ಮೋಟಾರು ಮಾತ್ರ ಎದೆ ನಡುಗುವಂತೆ ಕೂಗುತ್ತಿತ್ತು.

ಗೋಡೆಯ ಸ್ಟಾರ್ಟರ್ ಪೆಟ್ಟಿಗೆಯಿಂದ ಮೋಟಾರಿಗೆ ಹೋಗುವ ಮೂರು ತಂತಿಗಳಿಗೂ ಇವರು ಒಂದೊಂದಾಗಿ ಕರೆಂಟು ಅಳೆಯುವ ಮೀಟರ್ ಕಚ್ಚಿಸಿ ನೋಡಿದರು. ಎರಡರಲ್ಲಿ ಮುಳ್ಳು ಮೇಲೇರಿತು, ಮೂರನೆಯದರಲ್ಲಿ ಕೆಳಗೇ ಉಳಿಯಿತು.

"ನೋಡ್ರಿ ಬೀಗರ, ಸುತ್ತಿದ್ದು ಸಮ ಇಲ್ಲ" ಎಂದರು ಗೌಡರು. ಇವರು ತಲೆ ತಗ್ಗಿಸಿದರು. ನನಗೆ ತಡೆಯಲಾಗಲಿಲ್ಲ.

"ಗೌಡರ, ರೊಟ್ಟಿ ಒಂದ ಕಡೆ ಹೊತ್ತಿದರ ಹಂಚಿನ ಮ್ಯಾಲ ತಿರುಗಿಸಿ ಇಡ್ತೀವ್ರಿ. ಹೊತ್ತೂದು ರೊಟ್ಟಿ ಜೋಡಿ ತಿರುಗಿದರ ತಪ್ಪು ರೊಟ್ಟೀದು. ಹಂಚಿನ ಅದ ಕಡೇನ ಉಳದರ ತಪ್ಪು ಒಲೀದು." ಇವರ ಕಡೆ ತಿರುಗಿದೆ. "ತಂತಿ ತಿರುಗಿಸ್ರಿ."

ಇವರ ಕಣ್ಣು ಅರಳಿತು. ಕರೆಂಟು ತೆಗೆದು, ಮೂರೂ ತಂತಿಗಳನ್ನು ಸ್ಟಾರ್ಟರಿನಲ್ಲಿ ಅವು ಕೂಡುವ ಮನೆಗಳಲ್ಲಿ ಒಂದೊಂದು ಮನೆ ಮುಂದಕ್ಕೆ ಸರಿಸಿ, ಮತ್ತೆ ಚಾಲು ಮಾಡಿ ಮೀಟರ್ ಹಚ್ಚಿದರು. ಕೂಗು ನಿಲ್ಲಲಿಲ್ಲ. ಆದರೆ ಈ ಸಲವೂ ಮುಳ್ಳು ಕೆಳಗೇ ಉಳಿದದ್ದು ಸ್ಟಾರ್ಟರಿನ ಅದೇ ಹಳೆಯ ಮನೆಯಲ್ಲಿ! ತಂತಿಯ ಜೊತೆ ತಪ್ಪು ತಿರುಗಿರಲಿಲ್ಲ, ಅಂದರೆ ಅದು ಮೋಟಾರಿನದಲ್ಲ. ಸ್ಟಾರ್ಟರ್ ಬಿಚ್ಚಿದರೆ ಕರೆಂಟು ದಾಟಿಸುವ ಒಂದು ಪಾಯಿಂಟು ಸುಟ್ಟು ಇದ್ದಿಲಾಗಿತ್ತು. ಉಜ್ಜಿ ಕೂಡಿಸಿದ ಮೇಲೆ ಮೋಟಾರಿನ ಸದ್ದು ತಗ್ಗಿ, ಕಾಲುವೆಗೆ ಬೀಳುವ ನೀರಿನ ಸದ್ದು ಕೇಳಿತು.

"ಆತಲ್ಲ, ನಡೀರಿ ಚಾ ಕುಡಿಯೂಣು" ಎಂದರು ಗೌಡರು.

"ಚಾ ಆಮ್ಯಾಲ್ರಿ. ಬೀಗರ ಮುಂದ ಕೆಟ್ಟೈತಿ ಅಂದೀರಿ. ಅವರ ಮುಂದನ ಚೊಲೊ ಐತಿ ಅನ್ರಿ."

ಇವರು ನನ್ನ ಸೆರಗು ಜಗ್ಗಿದರು. ನಾನು ಕದಲಲಿಲ್ಲ. ಗೌಡರು ಮೀಸೆ ತಿರುವಿದರು, ಬಾವಿ ನೋಡಿದರು, ಕೊನೆಗೆ, "ಚೊಲೊ ಐತ್ರಿ ಬೀಗರ. ತಪ್ಪು ನಮ್ಮ ಸ್ಟಾರ್ಟರಿಂದು."

"ಹಂಗಾರ ನಮ್ಮದೊಂದು ಮೋಟಾರ್ ಸುಟ್ಟು ಬಿದ್ದೈತಿ. ನಾಳೆ ತರ್ತೇನಿ" ಎಂದರು ಬೀಗರು.

ಮನೆಗೆ ಬಂದಾಗ ನಾದಿಟ್ಟ ಹಿಟ್ಟು ಒಣಗಿ ಬಿರಿದಿತ್ತು. ಬಿಸಿನೀರು ಚಿಮುಕಿಸಿ ಮತ್ತೆ ನಾದಲು ಕೂತೆ.